ವಿಮಾನ ಮೆಕ್ಯಾನಿಕ್ ಕೆಲಸ: ಕೈಚಳಕ ಎಷ್ಟು, ಓದು ಎಷ್ಟು?

ಹೊಸಕೈ

ಎಲ್ಲರಿಗೂ ನಮಸ್ಕಾರ. ಕೋರ್ಸ್ ಮುಗಿಸಿದ್ದೇನೆ. ಮುಂದಿನ ತಿಂಗಳು ಹ್ಯಾಂಗರ್‌ನಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಶೆಡ್‌ನಲ್ಲಿ, ಟ್ರೇನಿಯಾಗಿ ಸೇರುತ್ತಿದ್ದೇನೆ. ಚಿಕ್ಕಂದಿನಿಂದಲೂ ಬೈಕು, ಪಂಪು, ಏನೇ ಕೆಟ್ಟರೂ ಬಿಚ್ಚಿ ಜೋಡಿಸುವ ಹುಚ್ಚು ನನಗೆ. ಹಾಗಾಗಿ ಕೈಕೆಲಸದ ಬಗ್ಗೆ ಧೈರ್ಯ ಇತ್ತು.

ಹೋದ ವಾರ ಜಾಗ ತೋರಿಸಲು ಕರೆದುಕೊಂಡು ಹೋಗಿದ್ದರು. ಅಲ್ಲಿ ಕಂಡಿದ್ದೇ ಬೇರೆ. ಸ್ಪ್ಯಾನರ್ ಹಿಡಿದವರಿಗಿಂತ ಹಾಳೆ ಹಿಡಿದು ಓದುತ್ತಿದ್ದವರೇ ಜಾಸ್ತಿ. ಒಬ್ಬ ಹಿರಿಯರು ರೆಕ್ಕೆಯ ಕೆಳಗೆ ಏಣಿ ಹತ್ತಿ ನಿಂತಿದ್ದರು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿ. ಹತ್ತು ನಿಮಿಷ ಒಂದೇ ಜಾಗ ನೋಡಿದರು. ಏನನ್ನೂ ಮುಟ್ಟಲಿಲ್ಲ. ಏನು ನೋಡುತ್ತಿದ್ದಾರೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಸ್ವಲ್ಪ ಭಯ ಶುರುವಾಗಿದೆ. ಈ ಕೆಲಸದಲ್ಲಿ ನಿಜವಾಗಿ ಬೇಕಾದ ಕೌಶಲ ಯಾವುದು? ಸೇರುವ ಮೊದಲು ಏನು ಅಭ್ಯಾಸ ಮಾಡಿಕೊಳ್ಳಲಿ? ಅನುಭವ ಇರುವವರು ಬಿಡಿಸಿ ಹೇಳಿ.

ರಾತ್ರಿಪಾಳಿ

ತಮ್ಮಾ, ಮೊದಲು ಅಭಿನಂದನೆ. ನಾನು ಇಪ್ಪತ್ತೆರಡು ವರ್ಷದಿಂದ ಲೈನ್‌ನಲ್ಲಿದ್ದೇನೆ. ಅಂದರೆ ವಿಮಾನ ಬಂದು ನಿಂತು ಮತ್ತೆ ಹೊರಡುವುದರೊಳಗೆ ನೋಡಿ ಬಿಡುವ ಕೆಲಸ. ಹ್ಯಾಂಗರ್‌ನಲ್ಲಿ ವಾರಗಟ್ಟಲೆ ಬಿಚ್ಚಿಡುವ ಕೆಲಸ ಬೇರೆ, ಇದು ಬೇರೆ. ಆದರೆ ನೀನು ಕೇಳಿದ ಪ್ರಶ್ನೆ ಎರಡಕ್ಕೂ ಒಂದೇ.

ನನ್ನ ಒಂದು ಸುತ್ತು ಹೇಗಿರುತ್ತದೆ ಎಂದು ಹೇಳುತ್ತೇನೆ. ಮೂತಿಯಿಂದ ಶುರು ಮಾಡಿ ಒಂದೇ ದಿಕ್ಕಿನಲ್ಲಿ ಪೂರ್ತಿ ಸುತ್ತುತ್ತೇನೆ. ಟೈರಿನಲ್ಲಿ ಕೊಯ್ತ ಇದೆಯಾ, ದಾರ ಕಾಣುತ್ತಿದೆಯಾ ನೋಡುತ್ತೇನೆ. ಬ್ರೇಕಿನ ಮೇಲೆ ಒಂದು ಸಣ್ಣ ಪಿನ್ ಇರುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿಸಿ ಅದು ಎಷ್ಟು ಹೊರಗಿದೆ ಎಂದು ನೋಡಬೇಕು. ಸಮಕ್ಕೆ ಬಂದಿದ್ದರೆ ಬ್ರೇಕ್ ಸವೆದಿದೆ ಎಂದು ಅರ್ಥ. ಬ್ರೇಕ್ ಹಾಕಿಸದೆ ನೋಡಿದರೆ ಆ ಪಿನ್ ಸುಳ್ಳು ಹೇಳುತ್ತದೆ. ಆಮೇಲೆ ಚಕ್ರದ ಕಾಲಿನ, ಅಂದರೆ ಸ್ಟ್ರಟ್‌ನ, ಹೊಳೆಯುವ ಭಾಗ ಎಷ್ಟು ಕಾಣುತ್ತಿದೆ, ಎಲ್ಲಾದರೂ ಎಣ್ಣೆ ಜಿನುಗಿದೆಯಾ, ಫ್ಯಾನ್ ಬ್ಲೇಡ್‌ಗಳ ಅಂಚಿನಲ್ಲಿ ಕಚ್ಚು ಬಿದ್ದಿದೆಯಾ, ಹೀಗೆ. ಇಂಜಿನ್ ಆಯಿಲ್ ಕೂಡ ಯಾವಾಗ ಬೇಕಾದರೂ ನೋಡುವ ಹಾಗಿಲ್ಲ. ಇಂಜಿನ್ ನಿಂತ ಮೇಲೆ ಇಷ್ಟು ನಿಮಿಷದೊಳಗೆ ಎಂದು ಬರೆದಿರುತ್ತದೆ. ತಡವಾಗಿ ನೋಡಿ, ಕಡಿಮೆ ಇದೆ ಎಂದು ಸುರಿದರೆ ಜಾಸ್ತಿಯಾಗಿ ಕೂರುತ್ತದೆ.

ವಿಮಾನದ ಮೈಮೇಲೆ ಗಾಳಿಯ ಒತ್ತಡ ಅಳೆಯುವ ಸಣ್ಣ ತೂತುಗಳಿರುತ್ತವೆ. ಸ್ಟ್ಯಾಟಿಕ್ ಪೋರ್ಟ್ ಎನ್ನುತ್ತೇವೆ. ಆ ತೂತುಗಳ ಹತ್ತಿರ ನಾನು ಪ್ರತಿಸಲ ಒಂದು ಕ್ಷಣ ಜಾಸ್ತಿ ನಿಲ್ಲುತ್ತೇನೆ. 1996ರ ಅಕ್ಟೋಬರ್ 2ರಂದು ಏರೋಪೆರು ಕಂಪನಿಯ ಬೋಯಿಂಗ್ 757 ಸಮುದ್ರಕ್ಕೆ ಬಿತ್ತು. ವಿಮಾನ ತೊಳೆಯುವಾಗ ಆ ತೂತುಗಳಿಗೆ ಅಂಟಿಸಿದ್ದ ಟೇಪನ್ನು ಕೆಲಸ ಮುಗಿದ ಮೇಲೆ ಯಾರೂ ಕಿತ್ತಿರಲಿಲ್ಲ. ಪೈಲಟ್‌ಗಳಿಗೆ ರಾತ್ರಿ ಕತ್ತಲಲ್ಲಿ ಎತ್ತರವೂ ಸರಿಯಾಗಿ ಗೊತ್ತಾಗಲಿಲ್ಲ, ವೇಗವೂ ಗೊತ್ತಾಗಲಿಲ್ಲ. 70 ಜನ ಹೋದರು. ಟೇಪ್ ಹಚ್ಚಿದ್ದು ತಪ್ಪಲ್ಲ, ಹಚ್ಚಲೇಬೇಕು. ತೆಗೆದಿದ್ದೇವಾ ಎಂದು ನೋಡುವ ಕಣ್ಣು ಬೇಕಿತ್ತು.

ಇನ್ನು ನಿನ್ನ ಪ್ರಶ್ನೆ. ಬೈಕು ಬಿಚ್ಚಿ ಜೋಡಿಸಿದ ಕೈ ನಿನಗೆ ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಜೊತೆ ಬಂದಿರುವ ಒಂದು ಅಭ್ಯಾಸವನ್ನು ಬಿಡಬೇಕು. ಅದೇ ಅಂದಾಜು. ಹಳೇ ಬೋಲ್ಟ್ ಪಕ್ಕದಲ್ಲಿ ಹೊಸ ಬೋಲ್ಟ್ ಇಟ್ಟು, ಹಾಂ ಒಂದೇ ಥರ ಇದೆ ಎಂದು ಹಾಕಿಬಿಡುತ್ತೇವಲ್ಲ, ಅದು.

ಇದಕ್ಕೆ ಒಂದು ಘಟನೆ ಇದೆ. 1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ ಬಿಎಸಿ ಒನ್-ಇಲೆವೆನ್ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟು ಸುಮಾರು 17,000 ಅಡಿ ಏರಿದಾಗ ಕ್ಯಾಪ್ಟನ್ ಮುಂದಿನ ಗಾಜು ಕಿತ್ತು ಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು. ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು. ಆ ಗಾಜನ್ನು ಹಾರಾಟಕ್ಕೆ ಸ್ವಲ್ಪ ಮೊದಲು ರಾತ್ರಿ ಪಾಳಿಯಲ್ಲಿ ಬದಲಿಸಿದ್ದರು. 90 ಬೋಲ್ಟ್‌ಗಳು. ಅದರಲ್ಲಿ 84 ಬೋಲ್ಟ್‌ಗಳ ದಪ್ಪ 0.026 ಇಂಚು ಕಡಿಮೆ. ಉಳಿದ 6 ದಪ್ಪದಲ್ಲಿ ಸರಿ, ಉದ್ದದಲ್ಲಿ ಕಡಿಮೆ. ಹಾಕಿದವರು ಅನುಭವ ಇದ್ದವರೇ. ಪುಸ್ತಕ ತೆಗೆದು ಪಾರ್ಟ್ ನಂಬರ್ ನೋಡುವ ಬದಲು ಹಳೇ ಬೋಲ್ಟ್ ಹಿಡಿದುಕೊಂಡು ಅದಕ್ಕೆ ಹೊಂದುವುದನ್ನು ಕಣ್ಣಳತೆಯಲ್ಲಿ ಹುಡುಕಿದರು. ಮಂದ ಬೆಳಕು. ಇನ್ನೊಂದು ವಿಷಯ ಕೇಳು, ಆ ಹಳೇ ಬೋಲ್ಟ್‌ಗಳೇ ಮೊದಲಿನಿಂದ ತಪ್ಪಿದ್ದವು. ಕಣ್ಣಳತೆ ಪಕ್ಕಾ ಇದ್ದಿದ್ದರೂ ಸರಿಯಾದ ಬೋಲ್ಟ್ ಸಿಗುತ್ತಿರಲಿಲ್ಲ!

ಹಾಳೆ ಹಿಡಿದು ಓದುತ್ತಿದ್ದವರನ್ನು ನೋಡಿ ನಿನಗೆ ಆಶ್ಚರ್ಯ ಆಯಿತಲ್ಲ. ಅವರು ಕೆಲಸವನ್ನೇ ಮಾಡುತ್ತಿದ್ದರು. ನೂರು ಸಲ ಮಾಡಿದ ಕೆಲಸವಾದರೂ ನೂರಾ ಒಂದನೇ ಸಲ ಹಾಳೆ ತೆರೆದಿಟ್ಟುಕೊಂಡೇ ಮಾಡಬೇಕು. ಯಾಕೆಂದರೆ ಹೋದ ತಿಂಗಳು ಆ ಹಾಳೆ ಬದಲಾಗಿರಬಹುದು.

ರಿವೆಟ್‌ಅಕ್ಕ

ರಾತ್ರಿಪಾಳಿ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಕೈಚಳಕವನ್ನು ಅಷ್ಟು ಬೇಗ ಪಕ್ಕಕ್ಕೆ ಇಡಬೇಡಿ. ನಾನು ಹದಿನಾಲ್ಕು ವರ್ಷದಿಂದ ತಗಡಿನ ಕೆಲಸದಲ್ಲಿದ್ದೇನೆ. ಓದಿ ಬರುವುದಲ್ಲ ಇದು.

ರಿವೆಟ್ ಅಂದರೆ ತಗಡುಗಳನ್ನು ಜೋಡಿಸುವ ಮೊಳೆ. ಅದನ್ನು ಹೊಡೆಯುವುದನ್ನೇ ನೋಡಿ. ಹೊರಗೆ ಒಬ್ಬರು ಗನ್ ಹಿಡಿದಿರುತ್ತಾರೆ, ಒಳಗೆ ಒಬ್ಬರು ಬಕಿಂಗ್ ಬಾರ್ ಎಂಬ ಭಾರದ ಲೋಹದ ತುಂಡು ಒತ್ತಿ ಹಿಡಿದಿರುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಮಾತು ಕೇಳಿಸುವುದಿಲ್ಲ, ಕಿವಿಗೆ ಮಫ್ ಹಾಕಿರುತ್ತೇವೆ. ಹಾಗಾಗಿ ತಗಡಿನ ಮೇಲೆ ತಟ್ಟಿ ಮಾತಾಡುತ್ತೇವೆ. ಒಂದು ತಟ್ಟು ಅಂದರೆ ಇನ್ನೊಂಚೂರು ಹೊಡಿ. ಎರಡು ತಟ್ಟು, ಸರಿ ಇದೆ, ಮುಂದಿನದಕ್ಕೆ ಹೋಗು. ಮೂರು ತಟ್ಟು, ಕೆಟ್ಟಿತು, ಕಿತ್ತು ಹಾಕಬೇಕು. ಒಳಗಿನ ತಲೆಯ ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು ಬರಬೇಕು, ಎತ್ತರ ಅರ್ಧದಷ್ಟು. ಬಾರ್ ಸ್ವಲ್ಪ ಓರೆಯಾದರೂ ತಲೆ ಒಂದು ಕಡೆ ಜಾರುತ್ತದೆ. ಗನ್ ಓರೆಯಾದರೆ ತಗಡಿನ ಮೇಲೆ ಅರ್ಧಚಂದ್ರದ ಗಾಯ. ಆ ಗಾಯದಿಂದಲೇ ಮುಂದೆ ಬಿರುಕು ಹುಟ್ಟುತ್ತದೆ.

ನಾನು ಕಲಿತಾಗ ಒಳಗಿನ ಕೈ ನನ್ನದು. ಮೂರು ತಟ್ಟಲು ನಾಚಿಕೆ ಆಗುತ್ತಿತ್ತು. ಹೊರಗಿದ್ದವರು ಹಿರಿಯರು, ಮತ್ತೆ ಮತ್ತೆ ಡ್ರಿಲ್ ಮಾಡಿ ತೆಗೆಸಬೇಕಲ್ಲ ಎಂದು ಸಂಕೋಚ. ಒಂದು ದಿನ ಅವರೇ ಒಳಗೆ ಬಂದು ನೋಡಿದರು. ನಾನು ಎರಡು ತಟ್ಟಿದ್ದ ಒಂದು ರಿವೆಟ್ ಓರೆ ಇತ್ತು. ಅವರು ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಬಾರ್‌ನಿಂದ ತಗಡಿನ ಮೇಲೆ ಅವರೇ ಮೂರು ಸಲ ತಟ್ಟಿ, ಹೊರಗೆ ಹೋಗಿ ಆ ರಿವೆಟ್ ತೆಗೆದರು. ಆಮೇಲೆ ನನಗೆ ಮೂರು ತಟ್ಟಲು ಸಂಕೋಚ ಆಗಿಲ್ಲ.

ರಿವೆಟ್ ಸಾಲು ಎಷ್ಟು ಮುಖ್ಯ ಎನ್ನುವವರು ಜಪಾನ್ ಏರ್‌ಲೈನ್ಸ್ 123 ನೆನಪಿಟ್ಟುಕೊಳ್ಳಿ. 1978ರಲ್ಲಿ ಆ 747ರ ಬಾಲ ರನ್‌ವೇಗೆ ಉಜ್ಜಿತ್ತು. ಕ್ಯಾಬಿನ್ನಿನ ಗಾಳಿಯ ಒತ್ತಡ ತಡೆಯುವ ಹಿಂಬದಿಯ ಗೋಡೆ ರಿಪೇರಿ ಮಾಡಿದರು. ಒಂದೇ ತುಂಡಾಗಿ ಇರಬೇಕಾದ ಜೋಡಣೆ ತಗಡು ಎರಡು ತುಂಡಾಗಿ ಕೂತಿತು. ಎರಡು ಸಾಲು ರಿವೆಟ್ ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಹೊರಗಿನಿಂದ ನೋಡಿದರೆ ರಿಪೇರಿ ಚೆನ್ನಾಗಿಯೇ ಕಾಣುತ್ತಿತ್ತು. ಏಳು ವರ್ಷ ಹಾರಿತು. 1985ರ ಆಗಸ್ಟ್ 12ರಂದು ಆ ಗೋಡೆ ಒಡೆಯಿತು. 520 ಜನ ಸತ್ತರು. ಬದುಕಿದ್ದು ನಾಲ್ವರು.

ಹೊಸಕೈ, ಸೇರುವ ಮೊದಲು ಏನು ಅಭ್ಯಾಸ ಮಾಡಲಿ ಎಂದು ಕೇಳಿದ್ದೀರಿ. ಲಾಕ್‌ವೈರ್ ಕಟ್ಟಿ, ಅಂದರೆ ಬೋಲ್ಟ್ ಸಡಿಲವಾಗದಂತೆ ಹಿಡಿಯುವ ತಂತಿ. ಒಂದು ಹಲಗೆಗೆ ತಲೆಯಲ್ಲಿ ತೂತಿರುವ ನಾಲ್ಕು ಬೋಲ್ಟ್ ಹಾಕಿ, 0.032 ಇಂಚಿನ ತಂತಿ ತಗೊಂಡು ದಿನಾ ಕಟ್ಟಿ ಬಿಚ್ಚಿ. ತಂತಿ ಬೋಲ್ಟನ್ನು ಬಿಗಿಯುವ ದಿಕ್ಕಿಗೇ ಎಳೆಯುತ್ತಿರಬೇಕು. ಇದೊಂದು ತಿರುವುಮುರುವಾದರೆ ಉಳಿದಿದ್ದೆಲ್ಲ ದಂಡ. ಒಂದು ಇಂಚಿಗೆ ಆರರಿಂದ ಎಂಟು ಸುತ್ತು. ಕಡಿಮೆಯಾದರೆ ಸಡಿಲ, ಜಾಸ್ತಿಯಾದರೆ ತಂತಿ ಪೆಡಸಾಗಿ ಮುರಿಯುತ್ತದೆ. ಕೊನೆಯ ಬಾಲವನ್ನು ಒಳಕ್ಕೆ ಮಡಚಬೇಕು. ಮುಂದೆ ಅಲ್ಲಿ ಕೈ ಹಾಕುವವರ ಬೆರಳು ಸೀಳಬಾರದು ನೋಡಿ. ಒಮ್ಮೆ ಬಿಚ್ಚಿದ ತಂತಿ ಮತ್ತೆ ಉಪಯೋಗಿಸಬೇಡಿ.

ಹೊಸಕೈ

ಅಕ್ಕಾ, ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಂತಿ ಇವತ್ತೇ ತರುತ್ತೇನೆ. ಮೂರು ತಟ್ಟಿನ ಮಾತು ಮನಸ್ಸಿಗೆ ತಟ್ಟಿತು.

ಇನ್ನೊಂದು ಸಂದೇಹ. ಬೋಲ್ಟನ್ನು ಅಳತೆ ಇಟ್ಟು ಬಿಗಿಯುವ ಟಾರ್ಕ್ ರೆಂಚ್ ಬಗ್ಗೆ ಕೋರ್ಸಲ್ಲಿ ಹೇಳಿಕೊಟ್ಟಿದ್ದಾರೆ. ಅಂಕಿ ಇಟ್ಟು, ಕ್ಲಿಕ್ ಎನ್ನುವ ತನಕ ಎಳೆಯುವುದು ಅಷ್ಟೇ ಅಲ್ವಾ? ಅದರಲ್ಲಿ ಎಡವುವುದು ಎಲ್ಲಿ?

ಅಳತೆಗಾರ

ಅಷ್ಟೇ ಅಲ್ಲ. ನಾನು ಸಲಕರಣೆ ವಿಭಾಗದಲ್ಲಿದ್ದೇನೆ. ಟಾರ್ಕ್ ರೆಂಚ್‌ಗಳ ಅಳತೆ ಸರಿ ಇದೆಯಾ ಎಂದು ಪರೀಕ್ಷಿಸಿ ಸ್ಟಿಕ್ಕರ್ ಅಂಟಿಸುವುದು ನನ್ನ ಕೆಲಸ. ಆದ್ದರಿಂದ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಕೈಗೆತ್ತಿಕೊಂಡ ತಕ್ಷಣ ಸ್ಟಿಕ್ಕರಿನ ದಿನಾಂಕ ನೋಡಿ. ಮುಗಿದಿದ್ದರೆ ವಾಪಸ್ ಇಡಿ. ಕೆಳಗೆ ಬಿದ್ದಿದ್ದರೆ ದಿನಾಂಕ ಇದ್ದರೂ ವಾಪಸ್ ಕೊಡಿ, ಬಿತ್ತು ಎಂದು ಹೇಳಿಯೇ ಕೊಡಿ. ಕೆಲಸ ಮುಗಿದ ಮೇಲೆ ಅಂಕಿಯನ್ನು ಅತಿ ಕೆಳಕ್ಕೆ ಇಳಿಸಿ ಇಡಬೇಕು. ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ದಣಿಯುತ್ತದೆ. ಕ್ಲಿಕ್ ಆದ ಮೇಲೆ ಒಂಚೂರು ಎಳೆಯೋಣ ಎನ್ನುವ ಚಾಳಿ ಬೇಡ. ಆ ಒಂಚೂರು ಎಷ್ಟು ಎಂದು ಯಾರಿಗೂ ಗೊತ್ತಿಲ್ಲ.

ಹೆಚ್ಚು ಜನ ಎಡವುವುದು ರೆಂಚಿನ ತುದಿಗೆ ಉದ್ದದ ಜೋಡಣೆ ಹಾಕಿದಾಗ. ಇಕ್ಕಟ್ಟಿನ ಜಾಗಕ್ಕೆ ಕ್ರೋಫುಟ್ ಎಂಬ ಜೋಡಣೆ ಹಾಕುತ್ತೇವೆ. ಆಗ ಸನ್ನೆಕೋಲು ಉದ್ದವಾಗುತ್ತದೆ, ಅದೇ ಕ್ಲಿಕ್ಕಿಗೆ ಬೋಲ್ಟ್ ಮೇಲೆ ಜಾಸ್ತಿ ಬಲ ಬೀಳುತ್ತದೆ. ಲೆಕ್ಕ ಹೀಗೆ: ಬೇಕಾದ ಟಾರ್ಕ್ (ತಿರುಗಿಸುವ ಬಲ) 300 ಇಂಚ್-ಪೌಂಡ್, ರೆಂಚಿನ ಉದ್ದ 10 ಇಂಚು, ಜೋಡಣೆ ನೇರ ಮುಂದಕ್ಕೆ 2 ಇಂಚು. 300ನ್ನು 10ರಿಂದ ಗುಣಿಸಿ 12ರಿಂದ ಭಾಗಿಸಿ. 250 ಬರುತ್ತದೆ. ರೆಂಚಿನಲ್ಲಿ 250 ಇಟ್ಟರೆ ಬೋಲ್ಟಿಗೆ 300 ಸಿಗುತ್ತದೆ. ಜೋಡಣೆಯನ್ನು ರೆಂಚಿಗೆ ಸರಿಯಾಗಿ ಲಂಬಕೋನದಲ್ಲಿ ಹಾಕಿದರೆ ಈ ಲೆಕ್ಕ ಬೇಕಿಲ್ಲ.

ತಾನೇ ಬಿಗಿದುಕೊಳ್ಳುವ ಲಾಕ್‌ನಟ್ ಆದರೆ ಇನ್ನೊಂದು ಹೆಜ್ಜೆ ಇದೆ. ಅದು ತಳಕ್ಕೆ ಕೂರುವ ಮೊದಲೇ ತಿರುಗಲು ಒಂದಿಷ್ಟು ಬಲ ತಿನ್ನುತ್ತದೆ. ಅದನ್ನು ಅಳೆದು ಮೇಲೆ ಸೇರಿಸಬೇಕೋ ಬೇಡವೋ ಎನ್ನುವುದನ್ನು ಮ್ಯಾನ್ಯುಯಲ್‌ನಲ್ಲಿ ಓದಿ. ಬೋಲ್ಟಿನ ಎಳೆಗೆ (ಥ್ರೆಡ್) ಎಣ್ಣೆ ಸವರಬೇಕೋ ಒಣಗಿದ್ದೇ ಇರಬೇಕೋ ಎನ್ನುವುದೂ ಅಲ್ಲೇ ಇರುತ್ತದೆ. ಒಣ ಎಳೆಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಎಳೆಗೆ ಹಾಕಿದರೆ ಬೋಲ್ಟ್ ಲೆಕ್ಕಕ್ಕಿಂತ ಜಾಸ್ತಿ ಹಿಗ್ಗುತ್ತದೆ. ರೆಂಚಿಗೆ ಅದು ತಿಳಿಯುವುದಿಲ್ಲ, ಕ್ಲಿಕ್ ಮಾತ್ರ ಸರಿಯಾಗಿ ಬರುತ್ತದೆ.

ಕೊನೆಗೆ ಅಳತೆಯ ಮಾನ. ಇಂಚ್-ಪೌಂಡ್, ಫುಟ್-ಪೌಂಡ್ ನಡುವೆ ಹನ್ನೆರಡು ಪಟ್ಟು ವ್ಯತ್ಯಾಸ. ಅಂಕಿಯನ್ನು ಮಾನದ ಜೊತೆಗೇ ಬಾಯಿಬಿಟ್ಟು ಓದಿ. 1983ರ ಜುಲೈ 23ರಂದು ಏರ್ ಕೆನಡಾದ 767ಗೆ 22,300 ಕಿಲೋ ಇಂಧನ ಬೇಕಿತ್ತು. ಲೀಟರನ್ನು ತೂಕಕ್ಕೆ ತಿರುಗಿಸುವಾಗ ಪೌಂಡಿನ ಲೆಕ್ಕ ಹಿಡಿದರು. ಟ್ಯಾಂಕಿನಲ್ಲಿ ಇದ್ದಿದ್ದು ಬೇಕಾದ್ದರ ಅರ್ಧಕ್ಕಿಂತ ಕಡಿಮೆ. ನಡು ಆಕಾಶದಲ್ಲಿ ಎರಡೂ ಇಂಜಿನ್ ನಿಂತವು. ಪೈಲಟ್‌ಗಳು ಗಿಮ್ಲಿ ಎಂಬ ಹಳೇ ವಾಯುನೆಲೆಯಲ್ಲಿ ತೇಲಿಸಿಕೊಂಡು ಇಳಿಸಿದರು, ಎಲ್ಲರೂ ಉಳಿದರು. ಲೆಕ್ಕವನ್ನು ನೆಲದ ಮೇಲಿನವರೂ ನೋಡಿದ್ದರು, ಪೈಲಟ್‌ಗಳೂ ನೋಡಿದ್ದರು. ಎಲ್ಲರೂ ಅದೇ ತಪ್ಪು ಅಂಕಿಯಿಂದ ಗುಣಿಸಿದ್ದರು.

ನೇರಮಾತು

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವೆಲ್ಲ ಹೇಳುತ್ತಿರುವುದು ಹಳೇ ವಿಮಾನದ ಕಥೆ. ಈಗಿನ ವಿಮಾನ ತನಗೆ ಏನಾಗಿದೆ ಎಂದು ತಾನೇ ಹೇಳುತ್ತದೆ. ಸ್ಕ್ರೀನ್ ಮೇಲೆ ಫಾಲ್ಟ್ ಕೋಡ್ ಬರುತ್ತದೆ. ಆ ಪೆಟ್ಟಿಗೆ ತೆಗೆದು ಹೊಸದು ಹಾಕಿದರೆ ಮುಗಿಯಿತು. ಯೋಚನೆ ಮಾಡುವ ಮೆಕ್ಯಾನಿಕ್‌ಗೆ ಈಗ ಬೆಲೆ ಎಲ್ಲಿದೆ? ಹುಡುಗನಿಗೆ ಸುಮ್ನೆ ಆಸೆ ಹುಟ್ಟಿಸಬೇಡಿ.

ವೈರ್‌ಹಾದಿ

ಇದಕ್ಕೆ ನಾನೇ ಉತ್ತರ ಕೊಡಬೇಕು, ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್, ನನ್ನ ಹೊಟ್ಟೆಪಾಡು.

ನೇರಮಾತು ಅವರೇ, ಕೋಡ್ ಬರುತ್ತದೆ, ನಿಜ. ಆದರೆ ಕೋಡ್ ಹೇಳುವುದು ಏನನ್ನು? ಈ ಪೆಟ್ಟಿಗೆಗೆ ಬರಬೇಕಾದ ಸಿಗ್ನಲ್ ಬರಲಿಲ್ಲ ಎಂದು. ಯಾಕೆ ಬರಲಿಲ್ಲ ಎಂದು ಅದಕ್ಕೆ ಗೊತ್ತಿಲ್ಲ. ಪೆಟ್ಟಿಗೆ ಕೆಟ್ಟಿರಬಹುದು, ಸೆನ್ಸರ್ ಕೆಟ್ಟಿರಬಹುದು, ನಡುವಿನ ಉದ್ದನೆಯ ವೈರಿನಲ್ಲಿ ಒಂದು ಕೂದಲೆಳೆ ತುಂಡಾಗಿರಬಹುದು.

ನನ್ನ ಕಣ್ಣೆದುರಿಗೆ ಆದದ್ದು ಹೇಳುತ್ತೇನೆ. ಒಂದು ವಿಮಾನದಲ್ಲಿ ಒಂದೇ ಸೂಚನೆ ಆಗಾಗ ಬಂದು ಹೋಗುತ್ತಿತ್ತು. ನೆಲದ ಮೇಲೆ ಪರೀಕ್ಷೆ ಮಾಡಿದರೆ ಎಲ್ಲ ಸರಿ. ಎರಡು ವಾರದಲ್ಲಿ ಮೂರು ಪೆಟ್ಟಿಗೆ ಬದಲಿಸಿದರು. ಕಿತ್ತ ಮೂರನ್ನೂ ವರ್ಕ್‌ಶಾಪ್ ಪರೀಕ್ಷಿಸಿ ದೋಷ ಇಲ್ಲ ಎಂದು ವಾಪಸ್ ಕಳಿಸಿತು. ಆಮೇಲೆ ನಮ್ಮ ಹಿರಿಯರೊಬ್ಬರು ಲಾಗ್ ಪುಸ್ತಕ ಹಿಡಿದು ಕೂತರು. ಸೂಚನೆ ಬಂದ ಪ್ರತಿ ಹಾರಾಟದ ಸಾಲು ಓದಿದರು. ಎಲ್ಲವೂ ಚಕ್ರ ಒಳಗೆ ಮಡಚಿದ ಮೇಲೆ ಬಂದಿದ್ದವು. ಒಂದೂ ನೆಲದ ಮೇಲೆ ಬಂದಿರಲಿಲ್ಲ. ಅವರು ನೇರ ಚಕ್ರದ ಗೂಡಿಗೆ ಹೋಗಿ, ವೈರಿಂಗ್ ನಕ್ಷೆ ನೋಡುತ್ತಾ ವೈರುಗಳ ಕಟ್ಟನ್ನು ಬೆರಳಲ್ಲಿ ಸವರುತ್ತಾ ಹೋದರು. ಒಂದು ಕ್ಲ್ಯಾಂಪಿನ ರಬ್ಬರ್ ಸವೆದಿತ್ತು. ಅದರ ಕೆಳಗೆ ವೈರಿನ ಹೊದಿಕೆ ಉಜ್ಜಿ ತಾಮ್ರ ಮಿನುಗುತ್ತಿತ್ತು. ಚಕ್ರ ಮೇಲೆ ಬಂದಾಗ ಮಾತ್ರ ಕಟ್ಟು ಅರ್ಧ ಇಂಚು ಸರಿದು ಲೋಹಕ್ಕೆ ತಾಗುತ್ತಿತ್ತು. ಅಷ್ಟೇ. ಉಗುರಿನಷ್ಟು ಜಾಗ.

ಕೋಡ್ ಹೇಳಿದ್ದು ಸುಳ್ಳಲ್ಲ. ಆದರೆ ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಎಂದು ಕೇಳಿಕೊಳ್ಳುವ ತಲೆ ಬೇಕಾಯಿತು. ಹೊಸಕೈ, ವೈರಿಂಗ್ ನಕ್ಷೆ ಓದುವುದನ್ನು ಕಲಿಯಿರಿ. ಕನೆಕ್ಟರ್ ಬಿಚ್ಚಿದಾಗ ಪ್ರತಿ ಪಿನ್ ನೋಡಿ, ಹಿಂದಕ್ಕೆ ಸರಿದ ಪಿನ್ ಒಂದಿದ್ದರೆ ಸಾಕು. ಪೆಟ್ಟಿಗೆ ಮುಟ್ಟುವ ಮೊದಲು ಕೈಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಿ. ನಿಮ್ಮ ಮೈಯ ಸ್ಥಾಯಿ ವಿದ್ಯುತ್ ನಿಮಗೆ ತಿಳಿಯದೆಯೇ ಒಳಗಿನ ಚಿಪ್ಪನ್ನು ಸುಡಬಲ್ಲದು.

ನೇರಮಾತು

ವೈರ್‌ಹಾದಿ ಅವರೇ, ಒಪ್ಪಿದೆ. ಮೂರು ಪೆಟ್ಟಿಗೆ ಬದಲಿಸಿದ ಅನುಭವ ನನಗೂ ಇದೆ. ನಮ್ಮಲ್ಲಿ ಲಾಗ್ ಓದಲು ಯಾರೂ ಕೂರಲಿಲ್ಲ, ನಾಲ್ಕನೆಯದನ್ನೂ ಬದಲಿಸಿದರು. ಆ ಬೇಸರವೇ ಮೇಲೆ ಬರೆಸಿದ್ದು.

ಬಿರುಕುಬೇಟೆ

ತಡವಾಗಿ ಸೇರುತ್ತಿದ್ದೇನೆ. ಬಿರುಕು ಹುಡುಕುವುದು ನನ್ನ ವೃತ್ತಿ. ಕನ್ನಡಿ ಹಿಡಿದು ಹತ್ತು ನಿಮಿಷ ನೋಡಿದವರ ಬಗ್ಗೆ ಓದಿ ಖುಷಿ ಆಯಿತು.

ನೋಡುವುದೂ ಕಲಿಯಬೇಕಾದ ಕೆಲಸವೇ. ಟಾರ್ಚನ್ನು ನೇರ ಹಿಡಿದರೆ ತಗಡು ಹೊಳೆಯುತ್ತದೆ, ಏನೂ ಕಾಣುವುದಿಲ್ಲ. ಓರೆಯಾಗಿ, ತಗಡಿಗೆ ಸವರುವ ಹಾಗೆ ಹಿಡಿಯಿರಿ. ಉಬ್ಬು, ತಗ್ಗು, ಎದ್ದ ಬಣ್ಣ ಎಲ್ಲವೂ ನೆರಳು ಬಿಡುತ್ತವೆ. ರಿವೆಟ್ ಸುತ್ತ ಕಪ್ಪು ಮಸಿಯ ಗೆರೆ ಹಿಂದಕ್ಕೆ ಹರಿದಿದ್ದರೆ ಆ ರಿವೆಟ್ ಅಲುಗಾಡುತ್ತಿದೆ ಎಂದು ತಿಳಿಯಿರಿ. ಪದರ ಪದರವಾಗಿ ಅಂಟಿಸಿ ಮಾಡಿದ ಕಾಂಪೊಸಿಟ್ ಭಾಗಗಳನ್ನು ನಾಣ್ಯದಲ್ಲಿ ತಟ್ಟಿ ಕೇಳುತ್ತೇವೆ. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ. ಪದರ ಬಿಟ್ಟಿದ್ದರೆ ಡಬ್ ಎಂದು ಸತ್ತ ದನಿ.

ಕಣ್ಣಿಗೆ ಕಾಣದ್ದಕ್ಕೆ ಬಣ್ಣದ ದ್ರವ ಹಚ್ಚುತ್ತೇವೆ. ಅದು ಬಿರುಕಿನೊಳಗೆ ಇಳಿಯುವಷ್ಟು ಹೊತ್ತು ಬಿಟ್ಟು, ಮೇಲಿನದನ್ನು ಒರೆಸಿ, ಬಿಳಿ ಪುಡಿ ಸಿಂಪಡಿಸುತ್ತೇವೆ. ಒಳಗಿದ್ದ ಕೆಂಪು ಮೆಲ್ಲಗೆ ಮೇಲೆ ಬಂದು ಗೆರೆಯಾಗಿ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ಆ ಗೆರೆ ಮೂಡುವಾಗ ನನ್ನ ಎದೆ ಡವಡವ ಎನ್ನುತ್ತದೆ. ಅವಸರ ಮಾಡಿ ಜಾಸ್ತಿ ಒರೆಸಿದರೆ ಬಿರುಕಿನೊಳಗಿನ ಬಣ್ಣವೂ ಹೋಗುತ್ತದೆ. ಆಗ ಬಿರುಕಿರುವ ಭಾಗವೇ ಚೊಕ್ಕವಾಗಿದೆ ಎಂದು ಸಹಿ ಬೀಳುತ್ತದೆ.

ಹೊಸಬರಿಗೆ ಯಾರೂ ಹೇಳದ ಒಂದು ಮಾತು: ಅಲ್ಯುಮಿನಿಯಂ ಮೇಲೆ ಸಾಮಾನ್ಯ ಪೆನ್ಸಿಲ್‌ನಿಂದ ಗುರುತು ಹಾಕಬೇಡಿ. ಪೆನ್ಸಿಲ್ಲಿನ ಗ್ರಾಫೈಟ್ ಮತ್ತು ಅಲ್ಯುಮಿನಿಯಂ ನಡುವೆ ತೇವ ಸೇರಿದರೆ ಸಾಕು, ಆ ಗೆರೆಯ ಉದ್ದಕ್ಕೂ ಲೋಹ ತಿನ್ನಲು ಶುರುವಾಗುತ್ತದೆ. ಅದಕ್ಕೆಂದೇ ಒಪ್ಪಿಗೆ ಇರುವ ಮಾರ್ಕರ್ ಇರುತ್ತದೆ.

ನೋಡುವ ಕೆಲಸದ ದೊಡ್ಡ ಕಷ್ಟ ಬೇಸರ. ಸಾವಿರ ರಿವೆಟ್ ನೋಡಿ ಏನೂ ಸಿಗದಿದ್ದಾಗ ಸಾವಿರದ ಒಂದನೆಯದರ ಮೇಲೆ ಕಣ್ಣು ಜಾರುತ್ತದೆ. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸ್‌ನ 737ರ ಮೇಲ್ಛಾವಣಿ ಹಾರಾಟದ ನಡುವೆಯೇ ಸುಮಾರು 18 ಅಡಿ ಉದ್ದಕ್ಕೆ ಕಿತ್ತು ಹೋಯಿತು. ಒಬ್ಬ ಗಗನಸಖಿ ತೀರಿಕೊಂಡರು. ಆ ವಿಮಾನ 89,000ಕ್ಕೂ ಹೆಚ್ಚು ಸಲ ಹಾರಿ ಇಳಿದಿತ್ತು. ಪ್ರತಿ ಸಲವೂ ಉಬ್ಬಿ ಇಳಿದ ತಗಡಿನಲ್ಲಿ ರಿವೆಟ್ ಸಾಲಿನ ಗುಂಟ ಬಿರುಕುಗಳು ಒಂದಕ್ಕೊಂದು ಸೇರಿದ್ದವು. ಹತ್ತುವಾಗ ಒಬ್ಬ ಪ್ರಯಾಣಿಕರಿಗೆ ಬಾಗಿಲ ಬಳಿ ಬಿರುಕು ಕಂಡಿತ್ತು. ಅವರು ಯಾರಿಗೂ ಹೇಳಲಿಲ್ಲ. ನಾನು ಇಪ್ಪತ್ತು ನಿಮಿಷಕ್ಕೊಮ್ಮೆ ಏಣಿ ಇಳಿದು ದೂರದ ಗೋಡೆ ನೋಡಿ ಮತ್ತೆ ಹತ್ತುತ್ತೇನೆ. ನಿಧಾನ ಎಂದು ಕೆಲವರು ಗೊಣಗುತ್ತಾರೆ, ಗೊಣಗಲಿ.

ಹೊಸಕೈ

ಇಷ್ಟೆಲ್ಲ ಓದಿದ ಮೇಲೆ ಒಂದು ಕೇಳಲೇಬೇಕು ಅನ್ನಿಸಿತು. ನಾನು ತಪ್ಪು ಮಾಡೇ ಮಾಡುತ್ತೇನೆ, ಅಲ್ವಾ? ಹೊಸಬ. ಆಗ ಏನಾಗುತ್ತದೆ? ಕೆಲಸದಿಂದ ತೆಗೆಯುತ್ತಾರಾ?

ರಾತ್ರಿಪಾಳಿ

ಈ ಪ್ರಶ್ನೆಗೆ ನನ್ನದೇ ಕಥೆ ಹೇಳುತ್ತೇನೆ.

ಸೇರಿ ಎರಡನೇ ವರ್ಷ. ಬೆಳಗಿನ ಜಾವ ನಾಲ್ಕು ಗಂಟೆ. ರೆಕ್ಕೆಯ ಹಿಂಬದಿಯ ಪ್ಯಾನೆಲ್ ಮುಚ್ಚಿ ಸ್ಕ್ರೂ ಹಾಕಿ ಆಗಿತ್ತು. ಸಲಕರಣೆ ಒಪ್ಪಿಸಲು ಹೋದೆ. ಟೂಲ್‌ಬಾಕ್ಸ್‌ನ ಪ್ರತಿ ಖಾನೆಯಲ್ಲಿ ಫೋಮ್ ಹಾಸಿ, ಒಂದೊಂದು ಸಲಕರಣೆಯ ಆಕಾರಕ್ಕೆ ಗುಂಡಿ ಕತ್ತರಿಸಿರುತ್ತಾರೆ. ಏನಾದರೂ ಕಾಣೆಯಾದರೆ ಆ ಗುಂಡಿಯ ತಳದ ಬಣ್ಣ ಎದ್ದು ಕಾಣುತ್ತದೆ. ಮೂರನೇ ಖಾನೆ ಎಳೆದೆ. ಹಳದಿ ಕಂಡಿತು. ಸಾಕೆಟ್‌ಗೆ ಉದ್ದ ಕೊಡುವ, ಬೆರಳುದ್ದದ ಒಂದು ಎಕ್ಸ್‌ಟೆನ್ಷನ್ ಇರಲಿಲ್ಲ.

ಜೇಬು ತಡಕಿದೆ. ಏಣಿಯ ಕೆಳಗೆ ನೋಡಿದೆ. ಕಸದ ಬುಟ್ಟಿ ಬೋರಲು ಹಾಕಿದೆ. ವಿಮಾನ ಎರಡು ಗಂಟೆಯಲ್ಲಿ ಹೊರಡಬೇಕು. ಇಂಜಿನಿಯರ್ ಸಹಿ ಹಾಕಿ ಆಗಿದೆ. ಒಂದು ಕ್ಷಣ ಮನಸ್ಸು ಹೇಳಿತು, ಎಲ್ಲೋ ನೆಲದ ಮೇಲೆ ಬಿದ್ದಿರುತ್ತದೆ, ಬೆಳಕಾದ ಮೇಲೆ ಹುಡುಕೋಣ ಎಂದು. ಆ ಕ್ಷಣ ನನಗೆ ಈಗಲೂ ಚೆನ್ನಾಗಿ ನೆನಪಿದೆ. ಕೈ ತಣ್ಣಗಾಗಿತ್ತು.

ಹೋಗಿ ಹೇಳಿದೆ. ಇಂಜಿನಿಯರ್ ನನ್ನ ಮುಖ ನೋಡಿದರು. ಸಹಿ ಮಾಡಿದ ಹಾಳೆ ವಾಪಸ್ ತರಿಸಿ, ಹೊಸ ಸಾಲು ಬರೆದರು. ಇಬ್ಬರೂ ಸೇರಿ ಪ್ಯಾನೆಲ್ ಮತ್ತೆ ಬಿಚ್ಚಿದೆವು. ಎಕ್ಸ್‌ಟೆನ್ಷನ್ ಸಿಕ್ಕಿದ್ದು ರೆಕ್ಕೆಯ ಚಲಿಸುವ ಪಟ್ಟಿ ಫ್ಲ್ಯಾಪನ್ನು ನಡೆಸುವ ದಂಡದ ಪಕ್ಕದ ಸಣ್ಣ ಅಂಚಿನ ಮೇಲೆ. ಅವರು ಅದನ್ನು ಎತ್ತಿ ನನ್ನ ಅಂಗೈಗೆ ಇಟ್ಟರು. ವಿಮಾನ ತಡವಾಗಿ ಹೋಯಿತು. ಮೇಲಿನವರು ಕಾರಣ ಕೇಳಿದಾಗ ಅವರು ಹೇಳಿದ ಮಾತು: ಹುಡುಗ ಬಂದು ಹೇಳಿದ, ಆದ್ದರಿಂದ ತಡವಾಯಿತು. ಮುಂದಿನ ರಾತ್ರಿಯಿಂದ ಅವರು ನನ್ನನ್ನೇ ಜೊತೆಗೆ ಕರೆಯುತ್ತಿದ್ದರು.

ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ಬೈಗುಳ ಬೀಳುವ ಜಾಗಗಳೂ ಇವೆ. ಆದರೂ ಹೇಳು. ಈ ಕೆಲಸದಲ್ಲಿ ನಾನು ಕೌಶಲ ಎಂದು ಕರೆಯುವುದು ಅದನ್ನೇ. ಕೈಗೆ ಬರುವುದೆಲ್ಲ ಐದಾರು ವರ್ಷದಲ್ಲಿ ಬರುತ್ತದೆ. ತನ್ನ ತಪ್ಪನ್ನು ನಾಲ್ಕು ಗಂಟೆ ರಾತ್ರಿಯಲ್ಲಿ, ಯಾರೂ ನೋಡದಿದ್ದಾಗ, ತಾನೇ ಹೋಗಿ ಹೇಳುವುದು ಎಲ್ಲರಿಗೂ ಬರುವುದಿಲ್ಲ.

ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಕೆಲಸದ ನಡುವೆ ಯಾರಾದರೂ ಕರೆದರೆ, ಫೋನ್ ಬಂದರೆ, ವಾಪಸ್ ಬಂದ ಮೇಲೆ ಬಿಟ್ಟ ಜಾಗದಿಂದ ಶುರು ಮಾಡಬೇಡ. ಮೂರು ಹೆಜ್ಜೆ ಹಿಂದಿನಿಂದ ಶುರು ಮಾಡು. 1993ರಲ್ಲಿ ಕೆನಡಾದ ಗೋರ್ಡನ್ ಡುಪಾಂಟ್ ಮೆಕ್ಯಾನಿಕ್‌ಗಳು ತಪ್ಪು ಮಾಡಲು ಹನ್ನೆರಡು ಕಾರಣ ಪಟ್ಟಿ ಮಾಡಿದರು. ಗಮನ ಬೇರೆಡೆ ಹೋಗುವುದು, ದಣಿವು, ಒತ್ತಡ, ಬಾಯಿ ಬಿಟ್ಟು ಹೇಳದಿರುವುದು ಎಲ್ಲ ಅದರಲ್ಲಿವೆ. ಬಹಳ ಹ್ಯಾಂಗರ್‌ಗಳ ಗೋಡೆ ಮೇಲೆ ಆ ಪಟ್ಟಿ ತೂಗುಹಾಕಿರುತ್ತಾರೆ. ನಿಂತು ಓದು.

ರಿವೆಟ್‌ಅಕ್ಕ

ಓದಿ ಕಣ್ಣು ತುಂಬಿ ಬಂತು ಅಣ್ಣಾ.

ಹೊಸಕೈ, ಇನ್ನೂ ಒಂದು ಸಮಾಧಾನ. ನೀವು ಒಬ್ಬರೇ ಇರುವುದಿಲ್ಲ. ಹಾರಾಟದ ಕಂಟ್ರೋಲ್‌ಗಳನ್ನು ಮುಟ್ಟಿದರೆ ಇಬ್ಬರು ಬೇರೆ ಬೇರೆಯಾಗಿ ನೋಡಿ ಸಹಿ ಮಾಡಬೇಕು. ಎರಡನೆಯವರು ಆ ಕೆಲಸ ಮಾಡಿದವರಾಗಿರಬಾರದು. ಪೈಲಟ್ ಹಿಡಿಯುವ ಸ್ಟಿಕ್ ಎಡಕ್ಕೆ ತಿರುಗಿಸಿದರೆ ರೆಕ್ಕೆಯ ಪಟ್ಟಿ ಅಲುಗುತ್ತದಾ ಎಂದಷ್ಟೇ ಅಲ್ಲ, ಸರಿಯಾದ ದಿಕ್ಕಿಗೆ ಅಲುಗುತ್ತದಾ ಎಂದು ನೋಡುತ್ತೇವೆ. ನಿಮ್ಮ ಸ್ವಂತ ಸಹಿಗೆ ಬೆಲೆ ಬರಲು ಲೈಸೆನ್ಸ್ ಬೇಕು. ಯುರೋಪಿನ ಪದ್ಧತಿಯಲ್ಲಿ ಎ, ಬಿ1, ಬಿ2, ಸಿ ಎಂದು ದರ್ಜೆಗಳಿವೆ. ಬಿ1 ಇಂಜಿನ್ ಮತ್ತು ವಿಮಾನದ ಮೈಕಟ್ಟಿನ ಕೆಲಸದವರಿಗೆ, ಬಿ2 ಏವಿಯಾನಿಕ್ಸ್‌ಗೆ. ಅಮೆರಿಕದಲ್ಲಿ ಏರ್‌ಫ್ರೇಮ್ (ಮೈಕಟ್ಟು) ಮತ್ತು ಪವರ್‌ಪ್ಲಾಂಟ್ (ಇಂಜಿನ್) ಎಂದು ಎರಡು. ಕೆಲಸ ಮಾಡಿಯೇ ಅರ್ಹತೆ ಗಳಿಸುವುದಾದರೆ ಒಂದಕ್ಕೆ 18 ತಿಂಗಳ ಅನುಭವ, ಎರಡಕ್ಕೂ ಸೇರಿ 30 ತಿಂಗಳು. ಅಲ್ಲಿಯ ತನಕ ಮಾಡಿದ ಪ್ರತಿ ಕೆಲಸವನ್ನು ಅಂದಂದೇ ಲಾಗ್‌ಬುಕ್‌ನಲ್ಲಿ ಬರೆದಿಡಿ.

ಅಳತೆಗಾರ

ಮೈ ಜೋಪಾನದ ಬಗ್ಗೆ ಯಾರೂ ಬರೆದಿಲ್ಲ, ನಾನು ಎರಡು ಮಾತು ಸೇರಿಸುತ್ತೇನೆ. ಹೈಡ್ರಾಲಿಕ್ ದ್ರವದ ಪೈಪಿನೊಳಗೆ ಬಹಳ ವಿಮಾನಗಳಲ್ಲಿ 3,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ ಇರುತ್ತದೆ. ಸೂಜಿ ಮೊನೆಯಷ್ಟು ಸೋರಿಕೆ ಕೂಡ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಕೈಯಿಂದ ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಕಾದ ಬ್ರೇಕಿನ ಚಕ್ರದ ಹತ್ತಿರ ಹೋಗಬೇಕಾದರೆ ಮುಂದಿನಿಂದ ಅಥವಾ ಹಿಂದಿನಿಂದ ಹೋಗಿ, ಪಕ್ಕದಿಂದ ಬೇಡ. ಸಿಡಿದರೆ ಪಕ್ಕಕ್ಕೇ ಸಿಡಿಯುತ್ತದೆ. ಇಂಧನದ ಟ್ಯಾಂಕಿನೊಳಗೆ ಇಳಿಯುವಾಗ ಹೊರಗೆ ಒಬ್ಬರು ನಿಂತಿರಲೇಬೇಕು. ಆಮ್ಲಜನಕದ ಕೊಳವೆಯ ಹತ್ತಿರ ಎಣ್ಣೆ ಕೈ ಬೇಡವೇ ಬೇಡ.

ಹೊಸಕೈ

ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಸೇರಿದೆ.

ಮೊದಲ ವಾರ ಲಾಕ್‌ವೈರ್ ಕೊಟ್ಟರು. ಮನೆಯಲ್ಲಿ ಹಲಗೆ ಮೇಲೆ ಕಟ್ಟಿ ಕಟ್ಟಿ ಹೋಗಿದ್ದೆ. ಆದರೆ ನಿಜವಾದ ಜಾಗದಲ್ಲಿ ಒಂದೇ ಕೈ ತೂರುತ್ತದೆ, ಬೋಲ್ಟ್ ಕಾಣುವುದೇ ಇಲ್ಲ. ಮೂರು ಸಲ ಕತ್ತರಿಸಿ ತೆಗೆಸಿದರು. ಮೊದಲನೆಯದು ಸಡಿಲ, ಎರಡನೆಯದಕ್ಕೆ ಪ್ಲೈಯರ್ ಕಚ್ಚಿದ ಗುರುತು, ಮೂರನೆಯದರ ಬಾಲ ಹೊರಗಿತ್ತು. ನಾಲ್ಕನೆಯದು ಉಳಿಯಿತು. ಆ ವಿಮಾನ ಹೋದ ಶುಕ್ರವಾರ ಹಾರಿತು. ಬೇಲಿಯ ಹತ್ತಿರ ನಿಂತು ಕಣ್ಣಿಗೆ ಕಾಣುವ ತನಕ ನೋಡಿದೆ.

ನಿನ್ನೆ ಕನ್ನಡಿ ಹಿಡಿದಿದ್ದ ಆ ಹಿರಿಯರ ಜೊತೆ ಡ್ಯೂಟಿ ಬಿತ್ತು. ಕೊನೆಗೂ ಕೇಳಿದೆ, ಸರ್, ಅವತ್ತು ಹತ್ತು ನಿಮಿಷ ಏನು ನೋಡುತ್ತಿದ್ದಿರಿ ಎಂದು. ಅವರಿಗೆ ನೆನಪಿತ್ತು. ಒಂದು ಲಿವರ್‌ನ ಹಿಂದೆ ನಟ್, ನಟ್ಟಿಗೆ ಸ್ಪ್ಲಿಟ್ ಪಿನ್. ಪಿನ್ನಿನ ಎರಡು ಕಾಲುಗಳೂ ಮಡಚಿರಬೇಕು. ಒಂದು ಕಾಲು ಕಾಣುತ್ತಿತ್ತಂತೆ, ಇನ್ನೊಂದು ಕಾಣುತ್ತಿರಲಿಲ್ಲ.

ಮಡಚಿತ್ತಾ ಸರ್ ಎಂದು ಕೇಳಿದೆ.

ಹೂಂ, ಮಡಚಿತ್ತು, ಕೊನೆಗೆ ಕಂಡಿತು ಎಂದರು. ಆಮೇಲೆ ಕನ್ನಡಿ ನನ್ನ ಕೈಗೆ ಕೊಟ್ಟು, ಏಣಿ ಹತ್ತು ಎಂದರು.